ಚಿಪ್ಪಗಿರಿಯ ಕಟ್ಟೆ, ಒಂದು ಹಳೇ ನೋಟ್‌ಬುಕ್ಕು: ದಾಸರ ದಾರಿಯಲ್ಲಿ ನಾಲ್ಕು ದಿನ

ನಮ್ಮದು ಹಿಂದೂಪುರ. ಮನೆ ಮಾತು ಕನ್ನಡ, ಬೀದಿ ಮಾತು ತೆಲುಗು. ಸಂಜೆ ಹೊತ್ತು ಮನೆಯಲ್ಲೇ ಹತ್ತು ಹನ್ನೆರಡು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಸರಳೆ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆ. ಮಾಯಾಮಾಳವಗೌಳದಲ್ಲಿ ಸರಳೆ ಶುರುಮಾಡುವ ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅಂತ ಮೊದಲನೇ ದಿನವೇ ಮಕ್ಕಳಿಗೆ ಹೇಳುತ್ತೇನೆ. ಹೇಳಿದ್ದು ಅಷ್ಟೇ. ಅವರ ಹಿಂದೆ ಬಂದ ದಾಸರ ಬಗ್ಗೆ ನಾನೇ ಸರಿಯಾಗಿ ಓದಿರಲಿಲ್ಲ.

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಒಂದು ದಿನವೂ ಪಾಠಕ್ಕೆ ಕೂತವರಲ್ಲ. ಅವರಿಗೆ ಬಾಯಲ್ಲಿ ನೂರಾರು ಪದ. ಪ್ರಾಯ ಎಪ್ಪತ್ತು ಹತ್ತಿರ. "ವಿಜಯದಾಸರ ಕಟ್ಟೆ ನೋಡಬೇಕು ಕಣೇ, ಕಾಲು ಗಟ್ಟಿ ಇರುವಾಗಲೇ" ಅಂತ ಮೂರು ವರ್ಷದಿಂದ ಹೇಳುತ್ತಿದ್ದರು. ವಿಜಯದಾಸರು ಪುರಂದರದಾಸರ ಹಿಂದೆ ಬಂದ ಹರಿದಾಸರಲ್ಲಿ ದೊಡ್ಡ ಹೆಸರು, ಅವರ ಕಟ್ಟೆ ಇರುವುದು ಚಿಪ್ಪಗಿರಿಯಲ್ಲಿ. ಅವರ ಆರಾಧನೆ ಕಾರ್ತಿಕ ಶುದ್ಧ ದಶಮಿ. ಆಗ ಜನ ಜಾಸ್ತಿ, ಅತ್ತೆಗೆ ನೂಕುನುಗ್ಗಲು ಆಗದು. ಅದು ಮುಗಿದು ಒಂದು ತಿಂಗಳಾದ ಮೇಲೆ, ಡಿಸೆಂಬರಿನಲ್ಲಿ, ಇಬ್ಬರೇ ಹೊರಟೆವು.

ಮೊದಲ ದಿನ: ಗುಂತಕಲ್ಲು, ಕಸಾಪುರ

ಹಿಂದೂಪುರದ ಒಂದು ಅನುಕೂಲ ಏನಂದರೆ ಗುಂತಕಲ್ಲು, ಆದೋನಿ, ಮಂತ್ರಾಲಯ ರೋಡ್ ಮೂರೂ ಒಂದೇ ರೈಲು ದಾರಿಯಲ್ಲಿ ಬರುತ್ತವೆ. ಕಿಟಕಿ ಪಕ್ಕ ಕೂತರೆ ಆಯಿತು. ಧರ್ಮಾವರ ದಾಟುವವರೆಗೆ ಕೆಂಪು ಮಣ್ಣು, ಶೇಂಗಾ ಕಿತ್ತ ಬೋಳು ಹೊಲ, ಗುಂಡುಕಲ್ಲಿನ ಗುಡ್ಡ. ಅನಂತಪುರ ಆದ ಮೇಲೆ ನಿಧಾನಕ್ಕೆ ಮಣ್ಣು ಕಪ್ಪಾಗುತ್ತಾ ಹೋಗುತ್ತದೆ. ಅತ್ತೆ ಅದನ್ನೇ ನೋಡುತ್ತಿದ್ದರು. "ಎರೆ ಭೂಮಿ ಬಂತು, ಇನ್ನು ದಾಸರ ಸೀಮೆ" ಅಂದರು.

ಗುಂತಕಲ್ಲು ದೊಡ್ಡ ಜಂಕ್ಷನ್. ಸ್ಟೇಷನ್ ಹೊರಗೆ ಒಂದು ತಳ್ಳುಗಾಡಿಯಲ್ಲಿ ಉಗ್ಗಾಣಿ ಬಜ್ಜಿ ತಿಂದೆವು. ನಮ್ಮ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಅಂತೀವಲ್ಲ, ಅದೇ. ಮಂಡಕ್ಕಿ ನೆನೆಸಿ ಹಿಂಡಿ, ಈರುಳ್ಳಿ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸುತ್ತಾರೆ. ಜೊತೆಗೆ ಮೆಣಸಿನಕಾಯಿ ಬಜ್ಜಿ. ಇಲ್ಲಿ ಬಜ್ಜಿ ನಿಜವಾಗಿ ಖಾರ. ಬೆಳಿಗ್ಗೆ ಒಂಬತ್ತರ ಒಳಗೆ ಹೋದರೆ ಬಿಸಿ ಸಿಗುತ್ತದೆ, ಆಮೇಲೆ ಗಾಡಿ ಖಾಲಿ.

ಲಾಡ್ಜಿನಲ್ಲಿ ಚೀಲ ಇಟ್ಟು ಕಸಾಪುರದ ನೆಟ್ಟಿಕಂಟಿ ಆಂಜನೇಯನ ಗುಡಿಗೆ ಹೋದೆವು. ಊರಿಂದ ಹತ್ತಿರವೇ, ಷೇರ್ ಆಟೋ ಸಿಗುತ್ತದೆ. ಈ ಆಂಜನೇಯನನ್ನು ಪ್ರತಿಷ್ಠೆ ಮಾಡಿದವರು ವ್ಯಾಸರಾಯರು ಎಂದು ಹೇಳುತ್ತಾರೆ. ವ್ಯಾಸರಾಯರು 732 ಹನುಮಂತನ ಗುಡಿ ಕಟ್ಟಿಸಿದರು ಎಂಬುದು ಹಿಂದಿನಿಂದ ಬಂದ ಮಾತು. ವಿಜಯನಗರದ ಕಾಲದಲ್ಲಿ ಅಷ್ಟು ದೊಡ್ಡ ಯತಿ, ತರ್ಕ ವೇದಾಂತದಲ್ಲಿ ಹೆಸರು ಮಾಡಿದವರು, ಕನ್ನಡದಲ್ಲಿ "ಕೃಷ್ಣಾ ನೀ ಬೇಗನೆ ಬಾರೋ" ಅಂತ ತಾಯಿ ಮಗುವನ್ನು ಕರೆಯುವ ಹಾಗೆ ಬರೆದರಲ್ಲ, ಅದು ನನಗೆ ಯಾವಾಗಲೂ ಆಶ್ಚರ್ಯ. ಪುರಂದರದಾಸರೂ ಕನಕದಾಸರೂ ಅವರ ಶಿಷ್ಯರು. ಗುರುವೇ ಶಿಷ್ಯನನ್ನು "ದಾಸರೆಂದರೆ ಪುರಂದರದಾಸರಯ್ಯ" ಅಂತ ಹಾಡಿ ಹೊಗಳಿದ್ದು ಇನ್ನೆಲ್ಲಾದರೂ ಇದೆಯಾ?

ಗುಡಿ ಮುಂದೆ ಹೂವು ಮಾರುವ ಹೆಂಗಸು ನಾವು ಕನ್ನಡ ಮಾತಾಡುವುದು ಕೇಳಿ ತಾನೂ ಕನ್ನಡಕ್ಕೆ ಬಂದಳು. ತವರು ಬಳ್ಳಾರಿ ಕಡೆ ಅಂತೆ. "ಶನಿವಾರ ಬಂದಿದ್ರೆ ನಿಮಗೆ ಒಳಗ ಹೋಗಾಕ ಆಗ್ತಿರಲಿಲ್ಲಮ್ಮ" ಅಂದಳು. ನಾವು ಹೋಗಿದ್ದು ಸೋಮವಾರ. ಅತ್ತೆ ಕಂಬಕ್ಕೆ ಒರಗಿ "ಪವಮಾನ ಪವಮಾನ" ಪೂರ್ತಿ ಹಾಡಿ ಮುಗಿಸಿದರು. ಯಾರೂ ಏಳಿ ಅನ್ನಲಿಲ್ಲ. ಅದು ವಿಜಯದಾಸರದ್ದೇ ಪದ, ನಾಳೆಗೆ ಮುನ್ನುಡಿ ಆಯಿತು.

ಎರಡನೇ ದಿನ: ಚಿಪ್ಪಗಿರಿ

ಬೆಳಿಗ್ಗೆ ಮಂಜು ಮುಸುಕಿತ್ತು, ಚಳಿ. ಅತ್ತೆ ಶಾಲು ತಲೆಗೆ ಸುತ್ತಿಕೊಂಡು ಆಟೋ ಹತ್ತಿದರು. ಚಿಪ್ಪಗಿರಿ ಈಗ ಕರ್ನೂಲು ಜಿಲ್ಲೆಗೆ ಸೇರಿದ ಊರು, ಆದರೂ ಹೋಗಲು ಗುಂತಕಲ್ಲೇ ಹತ್ತಿರ. ರಸ್ತೆಯ ಎರಡೂ ಬದಿ ಹತ್ತಿ. ಲೋಡ್ ಹೊತ್ತ ಗಾಡಿಗಳು ಹೋದಲ್ಲೆಲ್ಲಾ ಜಾಲಿ ಮುಳ್ಳಿಗೆ ಹತ್ತಿ ಸಿಕ್ಕಿಕೊಂಡಿತ್ತು. ಮರಕ್ಕೆ ಯಾರೋ ಬಿಳಿ ಹೂವು ಅಂಟಿಸಿದ ಹಾಗೆ ಮೈಲುಗಟ್ಟಲೆ ಅದೇ. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಪಂಕ್ಚರ್. ಆಟೋದವನ ಹತ್ತಿರ ಸ್ಟೆಪ್ನಿ ಇತ್ತು, ಜಾಕ್ ಇರಲಿಲ್ಲ. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಇಬ್ಬರು ಬಂದು ಆಟೋವನ್ನೇ ಎತ್ತಿ ಹಿಡಿದರು. ಇದೆಲ್ಲಾ ಆಗಿ ಊರು ಸೇರುವ ಹೊತ್ತಿಗೆ ಹನ್ನೆರಡೂವರೆ. ಕಟ್ಟೆಯ ಬಾಗಿಲು ಹಾಕಿತ್ತು. ಈ ಕಡೆ ಹೋಗುವವರು ಹನ್ನೊಂದರ ಒಳಗೆ ಮುಟ್ಟಬೇಕು, ಇಲ್ಲದಿದ್ದರೆ ಸಂಜೆವರೆಗೆ ಕಾಯಬೇಕು.

ಕಾದೆವು. ಬೇವಿನ ಮರದ ಕೆಳಗೆ ಕೂತು ಡಬ್ಬಿಯ ಚಪಾತಿ, ಶೇಂಗಾ ಚಟ್ನಿಪುಡಿ ತಿಂದೆವು. ಅತ್ತೆ ವಿಜಯದಾಸರ ಕಥೆ ತೆಗೆದರು. ನಾನು ಹಿಂದೆ ತುಂಡು ತುಂಡಾಗಿ ಕೇಳಿದ್ದೆ, ಪೂರ್ತಿ ಕೇಳಿದ್ದು ಅಲ್ಲೇ.

ಹುಟ್ಟಿದ್ದು 1682ರಲ್ಲಿ, ರಾಯಚೂರು ಜಿಲ್ಲೆಯ ಮಾನ್ವಿ ಹತ್ತಿರದ ಚೀಕಲಪರವಿಯಲ್ಲಿ. ಹೆಸರು ದಾಸಪ್ಪ. ಮನೆಯಲ್ಲಿ ಕಿತ್ತು ತಿನ್ನುವ ಬಡತನ. ಹುಡುಗ ಊರು ಬಿಟ್ಟು ಕಾಶಿಗೆ ಹೋದ. ಮದುವೆಯಾಗಿ ಸಂಸಾರ ಕಟ್ಟಿಕೊಂಡ ಮೇಲೂ ಬಡತನ ಬಿಡಲಿಲ್ಲ, ಮತ್ತೆ ಕಾಶಿ. ಅಲ್ಲಿ ಕನಸಿನಲ್ಲಿ ಪುರಂದರದಾಸರು ಬಂದು ನಾಲಗೆ ಮೇಲೆ "ವಿಜಯವಿಠಲ" ಅಂತ ಅಂಕಿತ, ಅಂದರೆ ಪದದ ಕೊನೆಗೆ ಹಾಕುವ ಮುದ್ರೆಯ ಹೆಸರು, ಬರೆದರಂತೆ. ಲೆಕ್ಕ ಹಾಕಿ ನೋಡಿ, ಪುರಂದರದಾಸರು ಹೋಗಿ ನೂರು ವರ್ಷದ ಮೇಲೆ ಆಗಿತ್ತು. ಎದುರಿಗೆ ಕೂತು ಕಲಿಸಿದ ಗುರು ಅಲ್ಲ, ಕನಸಿನಲ್ಲಿ ಸಿಕ್ಕ ಗುರು. ಮಧ್ಯೆ ದಾಸರ ಹಾಡಿಕೆ ಸ್ವಲ್ಪ ತಣ್ಣಗಾಗಿತ್ತು. ಅದಕ್ಕೆ ಮತ್ತೆ ಜೀವ ತುಂಬಿದವರು ಇವರು. ಗೋಪಾಲದಾಸರು ಇವರ ಶಿಷ್ಯರು, ಗೋಪಾಲದಾಸರ ಶಿಷ್ಯರು ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು.

ಮೋಹನದಾಸರ ಕಥೆ ಹೇಳುವಾಗ ಅತ್ತೆಯ ದನಿ ಬದಲಾಯಿತು. ಹಸುಗೂಸನ್ನು ಕಟ್ಟಿಕೊಂಡು ಬಾವಿಗೆ ಬೀಳಲು ಹೊರಟಿದ್ದ ಒಬ್ಬ ತಾಯಿಯನ್ನು ದಾಸರು ತಡೆದು ಮನೆಗೆ ಕರೆತಂದರಂತೆ. ದಾಸರ ಹೆಂಡತಿ ಅರಳಮ್ಮ ಆ ಮಗುವನ್ನು ಸ್ವಂತ ಮಗನ ಹಾಗೆ ಸಾಕಿದರು. ಆ ಮಗುವೇ ಮುಂದೆ ಮೋಹನದಾಸರು. "ಇದ್ದದ್ದೇ ಒಂದು ಹಿಡಿ ಅಕ್ಕಿ, ಅದರಲ್ಲಿ ಇನ್ನೊಂದು ಬಾಯಿ. ಅರಳಮ್ಮನ ಮೇಲೆ ಯಾರಾದರೂ ಪದ ಕಟ್ಟಬೇಕಿತ್ತು" ಅಂದರು ಅತ್ತೆ. ಅದು ನಿಜ ಅಲ್ವಾ?

ನಮ್ಮ ಮಾತು ಕೇಳಿಸಿತೋ ಏನೋ, ಎದುರು ಮನೆಯಿಂದ ಒಬ್ಬ ಅಜ್ಜಿ ಹೊರಗೆ ಬಂದರು. "ಯಾವೂರಿಂದ ಬಂದೀರವ್ವ? ಬಿಸಿಲಾಗ ಯಾಕ ಕುಂತೀರಿ, ಒಳಗ ಬರ್ರಿ." ಮಜ್ಜಿಗೆ ಕೊಟ್ಟರು. ಶುಂಠಿ, ಕರಿಬೇವು ಜಜ್ಜಿ ಹಾಕಿದ ಮಜ್ಜಿಗೆ. ನಾನು ಸಂಗೀತದ ಪಾಠ ಹೇಳುತ್ತೇನೆ ಅಂತ ಅತ್ತೆ ಹೇಳಿದ್ದೇ ತಡ, ಅಜ್ಜಿ ಎದ್ದು ದೇವರ ಗೂಡಿನಿಂದ ಒಂದು ನೋಟ್‌ಬುಕ್ ತಂದರು.

ಆ ಪುಸ್ತಕವನ್ನು ನಾನು ಮರೆಯುವುದಿಲ್ಲ. ಅಂಗಡಿ ಲೆಕ್ಕ ಬರೆಯುವ ಉದ್ದನೆಯ ಪುಸ್ತಕ. ರಟ್ಟು ಹೋಗಿ ಹಳೇ ಸೀರೆ ಅಂಚಿನಿಂದ ಹೊಲಿದಿದ್ದರು. ಒಳಗೆ ಪೂರ್ತಿ ಸುಳಾದಿ. ಕೈಬರಹ ಅವರ ಅತ್ತೆಯದು. ಸಾಹಿತ್ಯ ನೀಲಿ ಶಾಯಿಯಲ್ಲಿ, ತಾಳದ ಹೆಸರು ಕೆಂಪು ಶಾಯಿಯಲ್ಲಿ. ಧ್ರುವತಾಳ. ಮಟ್ಟತಾಳ. ತ್ರಿವಿಡಿತಾಳ. ಅಟ್ಟತಾಳ. ಕೊನೆಗೆ ಜತೆ. ನಾನು ಮಕ್ಕಳಿಗೆ ಹೇಳಿಕೊಡುವುದು ಮಠ್ಯ, ತ್ರಿಪುಟ. ಇಲ್ಲಿ ಅವೇ ತಾಳಗಳು ಮಟ್ಟ, ತ್ರಿವಿಡಿ ಆಗಿ ಮನೆ ಹೆಸರಿನಲ್ಲಿ ಕೂತಿದ್ದವು. ಅರಿಶಿನದ ಬೆರಳಿನ ಗುರುತು ಹಾಳೆಗೆ ಹಾಳೆಗೆ ಇತ್ತು.

ಸುಳಾದಿ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪದ ಅಥವಾ ಕೀರ್ತನೆ ಅಂದರೆ ಪಲ್ಲವಿ ಇರುತ್ತದೆ, ಒಂದೇ ತಾಳ, ಮತ್ತೆ ಮತ್ತೆ ಪಲ್ಲವಿಗೆ ಬರುತ್ತೇವೆ. ಸುಳಾದಿಯಲ್ಲಿ ಪಲ್ಲವಿ ಇಲ್ಲ. ಒಂದೊಂದು ಖಂಡಕ್ಕೆ ಒಂದೊಂದು ತಾಳ. ಒಂದು ತಾಳ ಮುಗಿಸಿ ಇನ್ನೊಂದಕ್ಕೆ ಹೋದರೆ ಹಿಂದಕ್ಕೆ ಬರುವುದಿಲ್ಲ, ಕೊನೆಯಲ್ಲಿ ಎರಡು ಸಾಲಿನ ಜತೆ ಹೇಳಿ ನಿಲ್ಲಿಸುವುದು. ನಮ್ಮ ಕರ್ನಾಟಕ ಸಂಗೀತದ ಏಳು ತಾಳಗಳನ್ನು ಸುಳಾದಿ ಸಪ್ತತಾಳ ಅಂತ ಕರೆಯುವುದೇ ಇದರಿಂದ. ವಿಜಯದಾಸರು ಸುಳಾದಿಗೆ ಹೆಸರಾದವರು. ಆದರೆ ಅವರು ಹಾಡಿದ ಧಾಟಿ ಈಗ ಉಳಿದಿಲ್ಲ. ಬರೆದಿಟ್ಟದ್ದು ಹೆಚ್ಚಾಗಿ ಸಾಹಿತ್ಯ ಮತ್ತು ತಾಳದ ಹೆಸರು. ಈಗ ವೇದಿಕೆ ಮೇಲೆ ಹಾಡುವವರು ತಮಗೆ ಹೊಂದುವ ರಾಗ ಹಾಕಿಕೊಂಡು ಹಾಡುತ್ತಾರೆ. ಹಾಗಾಗಿ ಕಛೇರಿಯಲ್ಲಿ ಸುಳಾದಿ ಕೇಳುವುದೇ ಅಪರೂಪ.

"ಒಂದು ಹೇಳಿ ಅಜ್ಜಿ" ಅಂದೆ. "ನನಗ ತಾಳಗೀಳ ತಿಳಿಯಂಗಿಲ್ಲವ್ವ, ನಮ್ಮತ್ತಿ ಹೆಂಗ ಹೇಳ್ತಿದ್ದರೋ ಹಂಗ" ಅಂತ ದುರ್ಗಾ ಸುಳಾದಿ ಶುರು ಮಾಡಿದರು. ಕಣ್ಣು ಮುಚ್ಚಿದ್ದರು, ಪುಸ್ತಕ ಮಡಿಲಲ್ಲಿ ತೆರೆದೇ ಇತ್ತು. ಧ್ರುವತಾಳಕ್ಕೆ ಹದಿನಾಲ್ಕು ಅಕ್ಷರ, ನಾನು ಕೈಯಲ್ಲಿ ಹಾಕಲು ನೋಡಿದೆ. ಕೂಡಲಿಲ್ಲ. ಅವರು ಅದನ್ನು ಹೆಚ್ಚುಕಡಿಮೆ ಗದ್ಯದ ಹಾಗೆ ಎಳೆದು ಹೇಳಿಕೊಂಡು ಹೋದರು. ಮಟ್ಟತಾಳವೂ ಹಾಗೇ. ನಾನು ಕೈ ನಿಲ್ಲಿಸಿ ಸುಮ್ನೆ ಕೇಳುತ್ತಿದ್ದೆ.

ತ್ರಿವಿಡಿಗೆ ಬಂದಾಗ ಅಜ್ಜಿಯ ಬಲಗೈ ಮೊಣಕಾಲಿನ ಮೇಲೆ ಬಂತು. ಒಂದು ಏಟು, ಸ್ವಲ್ಪ ಬಿಟ್ಟು ಇನ್ನೊಂದು, ಬೇಗ ಮತ್ತೊಂದು. ಮೂರು, ಎರಡು, ಎರಡು. ಏಳು! ಮಾತು ಎಳೆದಾಡುವುದು ನಿಂತು ಅಕ್ಷರಗಳು ಸರಿಯಾಗಿ ಏಟಿಗೆ ಬಂದು ಕೂತವು. ಒಂದು ಆವರ್ತ ಅಲ್ಲ, ಖಂಡ ಪೂರ್ತಿ, ಒಂದೇ ಒಂದು ಕಡೆ ಜಾರದ ಹಾಗೆ. ತಾಳ ತಿಳಿಯುವುದಿಲ್ಲ ಅಂದ ಅಜ್ಜಿಯ ಕೈಗೆ ತಿಳಿದಿತ್ತು. ಅವರ ಅತ್ತೆಯ ಕೈಯಿಂದ ಬಂದದ್ದು, ಅವರಿಗೆ ಅವರ ಅತ್ತೆಯಿಂದ ಬಂದಿರಬಹುದು. ನಮ್ಮತ್ತೆಯೂ ತಮ್ಮ ಮೊಣಕಾಲಿಗೆ ಹಾಕಲು ಶುರು ಮಾಡಿದರು. ಇಬ್ಬರೂ ಕೊನೆಯ ಎರಡು ಸಾಲಿನ ಜತೆಗೆ ಬಂದು ನಿಲ್ಲಿಸಿದಾಗ ನನಗೆ ಗಂಟಲು ಕಟ್ಟಿತ್ತು.

ನನ್ನ ಮನಸ್ಸಿಗೆ ಬಂದದ್ದು ಹೇಳುತ್ತೇನೆ. ದಾಸರ ಧಾಟಿ ಕಳೆದುಹೋಯಿತು ಅಂತ ನಾವು ಸಂಗೀತದವರು ಸುಲಭವಾಗಿ ಹೇಳಿಬಿಡುತ್ತೇವೆ. ಅದು ಪೂರ್ತಿ ಹೋಗಿದೆಯೋ, ಇಲ್ಲಾ ನಾವು ಹುಡುಕುವ ಜಾಗ ಬೇರೆಯೋ? ಈ ಹೆಂಗಸರು ನೂರಾರು ವರ್ಷ ಒಲೆ ಮುಂದೆ, ತುಳಸಿಕಟ್ಟೆ ಮುಂದೆ ಹೇಳಿಕೊಂಡು ಬಂದದ್ದರಲ್ಲಿ ಏನೇನು ಉಳಿದಿದೆ ಅಂತ ಕೂತು ಕೇಳಬೇಕು.

ನಾನು ಫೋನಿನಲ್ಲಿ ರೆಕಾರ್ಡ್ ಮಾಡಲೇ ಅಂತ ಕೇಳಿದೆ. ಅಜ್ಜಿ ಬೇಡ ಅಂದರು. "ಬರಕೊಂಡು ಹೋಗು, ಬರೆದರ ತಲ್ಯಾಗ ಕೂಡ್ತದ." ಸರಿ ಅಂತ ಕೂತು ಒಂದು ಸುಳಾದಿ ಪೂರ್ತಿ ನನ್ನ ಡೈರಿಗೆ ಇಳಿಸಿಕೊಂಡೆ. ಏಟು ಬಿದ್ದ ಅಕ್ಷರದ ಕೆಳಗೆ ಗೆರೆ ಎಳೆದುಕೊಂಡೆ. ಅಷ್ಟರಲ್ಲಿ ಅಜ್ಜಿ ಒಂದು ಮಾತು ಹೇಳಿದರು. ಅವರಿಗೆ ಈಗ ಈ ಅಕ್ಷರ ಕಾಣುವುದಿಲ್ಲ, ಪೊರೆ ಬಂದಿದೆ. ಬಾಯಿಗೆ ಬಂದಷ್ಟು ಹೇಳುತ್ತಾರೆ, ಮರೆತಲ್ಲಿ ಯಾರೂ ಎತ್ತಿಕೊಡುವವರಿಲ್ಲ. ಸೊಸೆ ಓದಿದ್ದು ತೆಲುಗಿನಲ್ಲಿ, ಕನ್ನಡ ಅಕ್ಷರ ಬರುವುದಿಲ್ಲ. "ದೊಡ್ಡ ಅಕ್ಷರದಾಗ ಬರೆದು ಕಳಿಸ್ತೀಯೇನವ್ವ?" ಅಂದರು. ಕಳಿಸುತ್ತೇನೆ ಅಂದೆ. ಮುಂದಿನ ಹಾಳೆಗಳನ್ನೂ ಫೋಟೋ ತೆಗೆದುಕೊಂಡೆ, ಅದಕ್ಕೆ ಬೇಡ ಅನ್ನಲಿಲ್ಲ.

ಸಂಜೆ ಬಾಗಿಲು ತೆಗೆದರು. ಕಟ್ಟೆ ಸಣ್ಣದು, ಆಡಂಬರ ಏನಿಲ್ಲ. 1755ರಲ್ಲಿ ದಾಸರು ಹೋದದ್ದು ಈ ಊರಿನಲ್ಲೇ. ಅತ್ತೆ ಅಲ್ಲಿ ಹಾಡಲಿಲ್ಲ. ಕಟ್ಟೆಗೆ ಹಣೆ ಹಚ್ಚಿ ಬಹಳ ಹೊತ್ತು ಹಾಗೇ ಇದ್ದರು. ಕತ್ತಲಾಗುವ ಮೊದಲು ಗುಂತಕಲ್ಲಿಗೆ ಬಂದು, ಸಿಕ್ಕ ರೈಲು ಹತ್ತಿ ಆದೋನಿಗೆ ಹೋಗಿ ಮಲಗಿದೆವು.

ಮೂರನೇ ದಿನ: ಆದೋನಿ, ಮಂತ್ರಾಲಯ

ಆದೋನಿಯಲ್ಲಿ ಜಾಸ್ತಿ ಹೊತ್ತು ಇರಲಿಲ್ಲ. ಎಲ್ಲಿ ನೋಡಿದರೂ ಹತ್ತಿ ಮೂಟೆ, ಗಾಳಿಯಲ್ಲೂ ಹತ್ತಿ ಎಳೆ. ಅತ್ತೆಗೆ ಕೆಮ್ಮು ಶುರುವಾಯಿತು. ಕೋಟೆ ಗುಡ್ಡವನ್ನು ಕೆಳಗಿನಿಂದಲೇ ನೋಡಿ, ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಜಾಮಿಯಾ ಮಸೀದಿಯ ಮುಂದೆ ಒಂದು ನಿಮಿಷ ನಿಂತೆವು. ಗುರು ರಾಘವೇಂದ್ರ ರಾಯರಿಗೆ ಮಂಚಾಲೆ ಗ್ರಾಮ ಕೊಟ್ಟವನು ಇದೇ ಖಾನ್ ಅಂತ ಕಥೆ. ಆ ಮಂಚಾಲೆಯೇ ಇವತ್ತಿನ ಮಂತ್ರಾಲಯ.

ಮಂತ್ರಾಲಯ ರೋಡ್ ಸ್ಟೇಷನ್‌ನಲ್ಲಿ ಇಳಿದು ಬಸ್ಸು. ಗುರುವಾರ ಬಿಟ್ಟು ಬೇರೆ ದಿನ ಹೋದರೆ ರೂಮೂ ಸಿಗುತ್ತದೆ, ದರ್ಶನವೂ ನಿಧಾನಕ್ಕೆ ಆಗುತ್ತದೆ. ಮೊದಲು ಗ್ರಾಮದೇವತೆ ಮಂಚಾಲಮ್ಮನಿಗೆ ಕೈಮುಗಿದು ಆಮೇಲೆ ರಾಯರ ಬೃಂದಾವನ, ಅದು ಅಲ್ಲಿನ ಪದ್ಧತಿ. ನದಿಗೆ ಹೋಗುವಾಗ ಅತ್ತೆಯ ಚಪ್ಪಲಿ ಉಂಗುಷ್ಟ ಕಿತ್ತುಹೋಯಿತು. ಬರಿಗಾಲಲ್ಲೇ ನಡೆದರು. ಹೊಳೆಯಲ್ಲಿ ನೀರು ಮೊಣಕಾಲ ಮಟ್ಟ, ಬಂಡೆಗಳೆಲ್ಲಾ ಮೈ ತೆರೆದು ಕೂತಿದ್ದವು.

ರಾಯರು ಅಂದರೆ ಎಲ್ಲರಿಗೂ ಪವಾಡ ನೆನಪಾಗುತ್ತದೆ. ನನಗೆ ನೆನಪಾಗುವುದು ವೀಣೆ. ಅವರ ಮನೆತನವೇ ವೀಣೆಯದು, ಮುತ್ತಜ್ಜ ಕೃಷ್ಣಭಟ್ಟರು ಕೃಷ್ಣದೇವರಾಯನಿಗೆ ವೀಣೆ ಹೇಳಿಕೊಟ್ಟವರು ಅಂತ ಪ್ರತೀತಿ. ವೆಂಕಟನಾಥ ಅಂತ ಹೆಸರಿದ್ದ ಕಾಲದಲ್ಲಿ ರಾಯರೂ ಚೆನ್ನಾಗಿ ವೀಣೆ ನುಡಿಸುತ್ತಿದ್ದರಂತೆ. "ಇಂದು ಎನಗೆ ಗೋವಿಂದ" ಅವರದ್ದು ಅಂತ ಹಾಡುತ್ತೇವೆ, ಅಂಕಿತ ಧೀರ ವೇಣುಗೋಪಾಲ. ಭೈರವಿಯಲ್ಲಿ ಆ ಪದ ನಿಧಾನಕ್ಕೆ ಹಾಡಬೇಕು. ಅವಸರ ಮಾಡಿದರೆ ಅದರ ನೋವು ಸಿಗುವುದಿಲ್ಲ.

ಸಂಜೆ ಪ್ರಾಕಾರದಲ್ಲಿ ರಥ ಎಳೆಯುವಾಗ ಹಿಂದಿನ ಸಾಲಿನಲ್ಲಿ ಒಂದು ಭಜನಾ ಮಂಡಳಿಯ ಹೆಂಗಸರು "ರಾಯ ಬಾರೋ ತಂದೆ ತಾಯಿ ಬಾರೋ" ಎತ್ತಿಕೊಂಡರು. ಜಗನ್ನಾಥದಾಸರ ಪದ. ಮೊದಲು ಪಂಡಿತರಾಗಿದ್ದವರು, ಕನ್ನಡದ ಪದ ಅಂದರೆ ಅಸಡ್ಡೆ ಇತ್ತಂತೆ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವು ಅಂತ ನೆಪ ಹೇಳಿದರು, ನೋವು ನಿಜವೇ ಆಯಿತು, ಕೊನೆಗೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷ ಧಾರೆ ಎರೆದರು ಅಂತ ಕಥೆ. ಆ ಆಯುಸ್ಸಿನಲ್ಲಿ ಬರೆದದ್ದೇ ಭಾಮಿನಿ ಷಟ್ಪದಿಯ ಹರಿಕಥಾಮೃತಸಾರ. ಅತ್ತೆ ಆ ಮಂಡಳಿಯ ಜತೆ ಸೇರಿಕೊಂಡುಬಿಟ್ಟರು, ಅರ್ಧ ಗಂಟೆ ನನ್ನ ಕೈಗೆ ಸಿಗಲಿಲ್ಲ. ವಾಪಸ್ ಬರುವಾಗ ಯಾರೋ ಕೊಟ್ಟ ಚಪ್ಪಲಿ ಹಾಕಿಕೊಂಡಿದ್ದರು.

ನಾಲ್ಕನೇ ದಿನ: ಬಿಚ್ಚಾಲೆ

ಹೊಳೆ ದಾಟಿದರೆ ಕರ್ನಾಟಕ, ರಾಯಚೂರು ಜಿಲ್ಲೆ. ಬಿಚ್ಚಾಲೆಗೆ ಹೋಗಿಬರಲು ಆಟೋದವರ ಹತ್ತಿರ ಮೊದಲೇ ಒಟ್ಟು ಮಾತಾಡಿಕೊಳ್ಳುವುದು ಒಳ್ಳೆಯದು, ಅಲ್ಲಿಂದ ಬೇರೆ ಗಾಡಿ ಸಿಗುವುದು ಕಷ್ಟ. ದಾರಿಯುದ್ದಕ್ಕೂ ಭತ್ತದ ಗದ್ದೆ. ನಿನ್ನೆಯ ಒಣ ಎರೆ ಹೊಲ ನೋಡಿದ ಕಣ್ಣಿಗೆ ಹಸಿರು ತಂಪಾಯಿತು.

ಬಿಚ್ಚಾಲೆ ರಾಯರ ಆಪ್ತ ಶಿಷ್ಯ ಅಪ್ಪಣ್ಣಾಚಾರ್ಯರ ಊರು. ರಾಯರು 1671ರಲ್ಲಿ ಬೃಂದಾವನಕ್ಕೆ ಕೂತ ದಿನ ಅಪ್ಪಣ್ಣಾಚಾರ್ಯರು ಊರಲ್ಲಿ ಇರಲಿಲ್ಲ. ಸುದ್ದಿ ತಿಳಿದು ಓಡಿ ಬಂದರೆ ಶ್ರಾವಣದ ಹೊಳೆ ತುಂಬಿ ಹರಿಯುತ್ತಿತ್ತು. ಬಾಯಲ್ಲಿ ಸ್ತೋತ್ರ ಕಟ್ಟುತ್ತಲೇ ಹೊಳೆ ದಾಟಿದರಂತೆ. ಮುಟ್ಟುವಷ್ಟರಲ್ಲಿ ಮೇಲಿನ ಕಲ್ಲು ಮುಚ್ಚಿ ಆಗಿತ್ತು. ಅಳು ಬಂದು ಕೊನೆಯ ಸಾಲು ನಿಂತುಹೋಯಿತು. ಬಾಕಿ ಏಳು ಅಕ್ಷರ, "ಸಾಕ್ಷೀ ಹಯಾಸ್ಯೋಽತ್ರ ಹಿ", ಬೃಂದಾವನದ ಒಳಗಿನಿಂದ ಕೇಳಿತು ಅಂತ ಹೇಳುತ್ತಾರೆ. ಎಷ್ಟೋ ಮನೆಯಲ್ಲಿ ದಿನಾ ಹೇಳುವ ಸ್ತೋತ್ರ ಅದು.

ಹೊಳೆದಂಡೆಯ ಕಲ್ಲಿನ ಮೇಲೆ ಕೂತು ಅತ್ತೆ ಸ್ತೋತ್ರ ಹೇಳಿದರು. ಆ ಏಳು ಅಕ್ಷರ ಬಂದಾಗ ಬೆರಳು ಮಡಿಸಿ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲೂ ಏಳೇ ಕಣೇ" ಅಂದರು. ಅದಕ್ಕೂ ತ್ರಿವಿಡಿಗೂ ಸಂಬಂಧ ಇಲ್ಲ ಅಂತ ನನಗೆ ಗೊತ್ತು. ಆದರೂ ಖುಷಿಯಾಯಿತು.

ಪರಿಮಳ ಪ್ರಸಾದದ ಪೊಟ್ಟಣಗಳನ್ನು ಚೀಲದ ಮೇಲೆ ಇಟ್ಟುಕೊಂಡು ರಾತ್ರಿ ರೈಲಿಗೆ ಹಿಂದೂಪುರಕ್ಕೆ ಬಂದೆವು. ಮಾರನೇ ದಿನ ಪಾಠಕ್ಕೆ ಬಂದ ಮಕ್ಕಳಿಗೆ ತ್ರಿಪುಟದ ಅಲಂಕಾರ, ಸರಿಗ ಸರಿ ಗಮ, ಹೇಳಿಸಿದೆ. ಕೈ ತಾಳ ಬಿಡಿ, ಮೊಣಕಾಲಿನ ಮೇಲೆ ಹಾಕಿ ಅಂದೆ. ಆಮೇಲೆ ಅದೇ ತಾಳಕ್ಕೆ ಡೈರಿಯಿಂದ ಸುಳಾದಿಯ ಎರಡು ಸಾಲು ಹೇಳಿಕೊಟ್ಟೆ. ಸಣ್ಣವನೊಬ್ಬ ಮೊದಲನೇ ಸಲಕ್ಕೇ ಸರಿಯಾಗಿ ತಂದ.

ಅಜ್ಜಿಗೆ ಕಳಿಸುವ ಪುಸ್ತಕ ಬರೆಯುತ್ತಿದ್ದೇನೆ. ಒಂದು ಹಾಳೆಗೆ ಎಂಟೇ ಸಾಲು, ಅಷ್ಟು ದೊಡ್ಡ ಅಕ್ಷರ. ಅತ್ತೆ ಪಕ್ಕದಲ್ಲಿ ಕೂತು ತಪ್ಪು ನೋಡುತ್ತಾರೆ. ತಾಳದ ಹೆಸರಿಗೆ ಕೆಂಪು ಶಾಯಿಯೇ ಆಗಬೇಕು ಅಂತ ಅವರದ್ದು ಹಟ. ನಿನ್ನೆ ಅಟ್ಟತಾಳದವರೆಗೆ ಬಂದಾಗ ಕೆಂಪು ಪೆನ್ನು ಮುಗಿಯಿತು, ನಾಳೆ ಇನ್ನೊಂದು ತರಬೇಕು.